ನಂಬರಿಲ್ಲದ ಮುನ್ನೂರ ಎಂಬತ್ತನಾಲ್ಕು ಕಾರ್ಡುಗಳು

'ರಚಿಸಿದವರು: ಅಜ್ಞಾತ' ಎಂದು ಬರೆದಿದ್ದರು. ಓದಿದ ತಕ್ಷಣ ನನಗೆ ಮೈಯೆಲ್ಲ ಉರಿದುಹೋಯಿತು. ಅವರ ಆ ಅಜ್ಞಾತ ಅದೇ ಹೊತ್ತಿನಲ್ಲಿ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕೂತು, ಚಹಾಕ್ಕೆ ಸಕ್ಕರೆ ಕಡಿಮೆಯಾಯಿತೆಂದು ನನ್ನನ್ನು ಬೈಯುತ್ತಿದ್ದಳು.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಬೀದಿಯವರೆಲ್ಲ ಹೇಳುತ್ತಾರೆ. ಹೇಳಿಕೊಳ್ಳಲಿ. ಈ ಸಲದ ಸಿಟ್ಟಿಗೆ ಕಾರಣವಿತ್ತು. ಮ್ಯೂಸಿಯಂನವರು ತಮ್ಮಲ್ಲಿರುವ ಹಳೆಯ ವಸ್ತುಗಳ ಫೋಟೋ, ಅಳತೆ, ವಿವರ ಎಲ್ಲವನ್ನೂ ಇಂಟರ್ನೆಟ್ಟಿಗೆ ಹಾಕಿದ್ದರು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಬಳಸಬಹುದು, ತಪ್ಪಿದ್ದರೆ ತಿಳಿಸಬಹುದು ಎಂದು ದೊಡ್ಡ ಅಕ್ಷರದಲ್ಲಿ ಬರೆದುಕೊಂಡಿದ್ದರು. ನಾನು ಮನೆಯಲ್ಲೇ ಮಗ್ಗ ಇಟ್ಟುಕೊಂಡಿರುವವಳು. ಹಳೆಯ ನೇಯ್ಗೆ ಏನಾದರೂ ಸಿಕ್ಕೀತೇ ಎಂದು ನೋಡುತ್ತ ಹೋದರೆ ಸಿಕ್ಕಿದ್ದು ನಮ್ಮಮ್ಮನ ಕಾರ್ಡುಗಳು. ಹಕ್ಕಿ ಹೊದಿಕೆಯ ಕಾರ್ಡುಗಳು! ಅವಳು ದುಡಿದ ನೇಯ್ಗೆ ಶೆಡ್ಡಿನ ಹೆಸರೂ ಕೆಳಗಿತ್ತು.

ಕಾರ್ಡು ಎಂದರೆ ತೂತು ಹೊಡೆದ ಉದ್ದನೆಯ ರಟ್ಟು. ಹೂವು, ಹಕ್ಕಿ ನೇಯುವ ಮಗ್ಗದ ನೆತ್ತಿಯ ಮೇಲೊಂದು ಯಂತ್ರ ಇರುತ್ತದೆ, ಅದಕ್ಕೆ ಈ ರಟ್ಟುಗಳನ್ನು ಒಂದಾದ ಮೇಲೊಂದು ಉಣಿಸಬೇಕು. ತೂತು ಇದ್ದಲ್ಲಿ ಉದ್ದಕ್ಕೆ ಹಾಸಿದ ನೂಲು ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಲಾಳಿ ಒಂದು ಸಲ ಓಡಲು ಒಂದು ಕಾರ್ಡು. ಎಲ್ಲ ಕಾರ್ಡುಗಳನ್ನು ದಾರದಿಂದ ಹೆಣೆದು ಸರ ಮಾಡಿರುತ್ತಾರೆ. ಸರದ ಕ್ರಮ ತಪ್ಪಿತೋ, ಹಕ್ಕಿಯ ಕಾಲು ಹಕ್ಕಿಯ ತಲೆಯ ಮೇಲೆ ಬರುತ್ತದೆ.

ಅಮ್ಮ ಮೂವತ್ತು ವರ್ಷ ಒಂದು ನೇಯ್ಗೆ ಶೆಡ್ಡಿನಲ್ಲಿ ಕಾರ್ಡಿಗೆ ತೂತು ಹೊಡೆದವಳು. ಆ ಶೆಡ್ಡಿನದ್ದು ಒಂದು ವಿಚಿತ್ರ ನಿಯಮ. ಬೇರೆಲ್ಲ ಕಡೆ ಕಾರ್ಡಿನ ಮೂಲೆಯಲ್ಲಿ ನಂಬರ್ ಬರೆಯುತ್ತಾರೆ, ಇಲ್ಲಿ ಬರೆಯುವಂತಿಲ್ಲ. ಮುನ್ನೂರ ಎಂಬತ್ತನಾಲ್ಕು ಕಾರ್ಡಿನ ಸರವನ್ನು ಇಡಿಯಾಗಿ ಯಾರೂ ಕದಿಯಲಾರರು. ದಾರ ಕತ್ತರಿಸಿ ದಿನಕ್ಕೆ ನಾಲ್ಕೈದರಂತೆ ಬಟ್ಟೆಯೊಳಗೆ ಬಚ್ಚಿಟ್ಟು ಸಾಗಿಸಬೇಕು. ಆಗ ನಂಬರ್ ಇಲ್ಲದಿದ್ದರೆ ಕಳ್ಳನಿಗೆ ದಕ್ಕುವುದು ಬರೀ ರಟ್ಟು. ಹಾಗಾಗಿ ಕ್ರಮ ಇರುತ್ತಿದ್ದದ್ದು ಎರಡೇ ಕಡೆ, ದಾರದಲ್ಲಿ ಮತ್ತು ತೂತು ಹೊಡೆದವಳ ತಲೆಯಲ್ಲಿ. ತಾನೂ ತಿನ್ನ, ಪರರಿಗೂ ಕೊಡ ಎನ್ನುವ ಬುದ್ಧಿ ಅದು. ಕೊನೆಗೆ ಶೆಡ್ಡು ಮುಚ್ಚಿತು, ಯಜಮಾನ ಎಲ್ಲವನ್ನೂ ಮ್ಯೂಸಿಯಂಗೆ ಕೊಟ್ಟು ಕೈತೊಳೆದುಕೊಂಡ. ತಂತಿಯ ಮೇಲೆ ಸಾಲಾಗಿ ಕೂತ ಹಕ್ಕಿಗಳ ಆ ಹೊದಿಕೆ ಅಮ್ಮನದು ಎಂದು ಶೆಡ್ಡಿನವರೆಲ್ಲ ಹೇಳುತ್ತಿದ್ದರು, ಅಮ್ಮ ಇಲ್ಲ ಎನ್ನುತ್ತಿರಲಿಲ್ಲ. ಆದರೆ ನಮ್ಮ ಮನೆಯಲ್ಲಿ ಅದರದೊಂದು ತುಂಡೂ ಇರಲಿಲ್ಲ.

ಈಗ ಅಮ್ಮನ ಒಂದು ಕಣ್ಣು ಪೂರ್ತಿ ಹೋಗಿದೆ. ಇನ್ನೊಂದು ಹೆಚ್ಚೆಂದರೆ ಆರು ತಿಂಗಳು ಎಂದು ಕಣ್ಣಿನ ಡಾಕ್ಟರ್ ಹೇಳಿದ್ದರು. ಅಷ್ಟರೊಳಗೆ ಆ ಹೊದಿಕೆಯನ್ನು ನೇಯ್ದು ಅವಳ ಮಡಿಲಿಗೆ ಹಾಕಬೇಕು, ಅವಳು ಅದನ್ನು ಕಣ್ಣಾರೆ ನೋಡಬೇಕು, ಮ್ಯೂಸಿಯಂ ಪುಟದಲ್ಲಿ ಅವಳ ಹೆಸರಿರಬೇಕು. ನನಗೆ ಬೇಕಿದ್ದದ್ದು ಇಷ್ಟೇ.

ಮರುದಿನವೇ ಮ್ಯೂಸಿಯಂಗೆ ಹೋದೆ. ನೆಲಮಾಳಿಗೆಯ ಉಗ್ರಾಣ ಫ್ರಿಜ್ಜಿನ ಹಾಗೆ ತಣ್ಣಗಿತ್ತು. ಅಲ್ಲಿ ಪಟ್ಟಿ ನೋಡಿಕೊಳ್ಳುವಾಕೆ ಸುಡುಬಿಸಿಲಿನ ದಿನದಲ್ಲೂ ಗುಂಡಿ ಹಾಕಿದ ಸ್ವೆಟರ್ ತೊಟ್ಟು ಕೂತಿದ್ದಳು. ನಾನು ಮನಸ್ಸಿನಲ್ಲೇ ಅವಳಿಗೆ ಸ್ವೆಟರಮ್ಮ ಎಂದು ಹೆಸರಿಟ್ಟೆ. ಅವಳು ಪೆಟ್ಟಿಗೆ ತೆಗೆದು ತೋರಿಸಿದಳು. ಕಾರ್ಡುಗಳು ಕಟ್ಟು ಕಟ್ಟಾಗಿ, ಬಿಳಿ ಕಾಗದದ ಮಧ್ಯೆ, ಅಚ್ಚುಕಟ್ಟಾಗಿ ಮಲಗಿದ್ದವು.

"ದಾರ ಎಲ್ಲಿ?" ಎಂದೆ.

"ಅದಾ... ಸ್ಕ್ಯಾನರ್ ಮೇಲೆ ಸಪಾಟಾಗಿ ಕೂರ್ಲಿ ಅಂತ ಕತ್ತರಿಸಿದ್ರು ಮೇಡಂ. ನಾನು ಇಲ್ಲಿಗೆ ಬರೋಕೆ ಮುಂಚೆ. ದಾರಕ್ಕೆ ಹುಳ ಹಿಡಿದಿತ್ತಂತೆ."

"ಕತ್ತರಿಸೋ ಮುಂಚೆ ಕ್ರಮ ಬರ್ಕೊಂಡ್ರಾ?"

"ಕಾರ್ಡ್ ಮೇಲೆ ನಂಬರ್ ಇರತ್ತೆ ಅಂದ್ಕೊಂಡ್ರು. ಎಲ್ಲಾ ಕಡೆ ಇರತ್ತಲ್ಲ."

"ಪುಸ್ತಕದ ಹೊಲಿಗೆ ಬಿಚ್ಚಿ, ಹಾಳೆ ಕಲಸಿ ಹಾಕಿ, ಆಮೇಲೆ ಬರೆದೋರು ಯಾರೋ ಗೊತ್ತಿಲ್ಲ ಅಂತ ಬೋರ್ಡ್ ಹಾಕ್ತೀರಲ್ಲ! ಓದಿದೋರು ಮಾಡೋ ಕೆಲ್ಸಾನಾ ಇದು? ನಮ್ಮ ಬೀದಿ ಇಸ್ತ್ರಿಯವನೂ ಬಟ್ಟೆ ಮೇಲೆ ಗುರುತು ಹಾಕ್ಕೊಂಡು ಇಸ್ತ್ರಿ ಮಾಡ್ತಾನೆ!"

ನನ್ನ ದನಿ ಮೇಲಿನ ಮಹಡಿಗೂ ಕೇಳಿಸಿರಬೇಕು, ಕಾವಲುಗಾರ ಬಂದು ಇಣುಕಿದ. ಸ್ವೆಟರಮ್ಮ ಅವನಿಗೆ ಹೋಗು ಎಂದು ಕೈ ಮಾಡಿದಳು. ಜಗಳಕ್ಕೆ ಬಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು, ಅವಳು ಬರಲಿಲ್ಲ.

"ಬೈರಿ. ತಪ್ಪು ನಮ್ದೇ. ಅದಕ್ಕೇ ಎಲ್ಲಾನೂ ತೆರೆದಿಟ್ಟಿರೋದು. ನಾವು ಹತ್ತು ಜನ ಇಲ್ಲಿ ಚಳೀಲಿ ಕೂತು ನೂರು ವರ್ಷ ನೋಡಿದ್ರೂ ಇದರ ತಲೆಬುಡ ಗೊತ್ತಾಗಲ್ಲ. ಗೊತ್ತಿರೋರು ಹೊರಗಿರ್ತಾರೆ. ಈಗ ನೀವು ಬಂದ್ರಲ್ಲ."

"ಹಾಗಾದ್ರೆ ನಮ್ಮಮ್ಮನ ಹೆಸ್ರು ಹಾಕಿ."

"ಹಾಕ್ತೀನಿ. ಏನಾದ್ರೂ ಆಧಾರ ಬೇಕು. ನಿಮ್ಮಮ್ಮ ಕ್ರಮ ಹೇಳಿದ್ರೆ ಅದಕ್ಕಿಂತ ದೊಡ್ಡ ಆಧಾರ ನಾನು ಕೇಳಲ್ಲ. ಅದನ್ನೂ ಎಲ್ರಿಗೂ ಸಿಗೋ ಹಾಗೆ ಹಾಕೋಣ."

ಮಾತು ನ್ಯಾಯವಾಗಿತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಬಸ್ಸಿನಲ್ಲಿ ಟಿಕೆಟ್ ಕೊಡುವವನ ಮೇಲೂ ಹರಿಹಾಯ್ದು ಮನೆಗೆ ಬಂದೆ.

ಮನೆಗೆ ಬಂದರೆ ಅಮ್ಮನದು ಒಂದೇ ಮಾತು.

"ಹೇಳಲ್ಲ."

"ಯಾಕಮ್ಮ?"

"ಶೆಡ್ಡಿನ ಮಾತು ಶೆಡ್ಡಲ್ಲೇ ಇರ್ಬೇಕು."

"ಶೆಡ್ ಎಲ್ಲಿದೆ ಈಗ? ಅಲ್ಲಿ ಕಾರು ತೊಳೀತಾರೆ!"

"ತೊಳೀಲಿ. ಇವರು ನನ್ನ ದಾರ ಕತ್ತರಿಸ್ತಾರೆ, ನನ್ನನ್ನ ಅಜ್ಞಾತ ಅಂತಾರೆ, ಈಗ ಕ್ರಮಾನೂ ಇವರ ಕೈಗೆ ಇಡ್ಬೇಕಾ? ಕಂಡಕಂಡೋರೆಲ್ಲ ನೇಯ್ಲಿ ಅಂತಾನಾ?"

"ನನಗೊಬ್ಬಳಿಗೇ ಹೇಳು. ನಾನು ಯಾರಿಗೂ ಹೇಳಲ್ಲ."

"ನೀನು! ನಿನ್ನ ಬಾಯಲ್ಲಿ ಎಳ್ಳುಕಾಳೂ ನೆನೆಯಲ್ಲ."

ಮೂರು ವಾರ ಇದೇ ರಾಮಾಯಣ. ಬೇಡಿದೆ, ಬೈದೆ, ಒಂದು ದಿನ ಊಟ ಬಿಟ್ಟೆ. ಅವಳು ನನ್ನ ಪಾಲನ್ನೂ ಸೇರಿಸಿ ಉಂಡಳು. 'ಹೋಗ್ಲಿ ಬಿಡೇ, ವಯಸ್ಸಾಗಿದೆ' ಎಂದ ನನ್ನ ಗಂಡನಿಗೂ ಒಂದಿಷ್ಟು ಬಿತ್ತು. ವಯಸ್ಸಾದರೇನು? ಹುಣಸೆ ಮರಕ್ಕೆ ಮುಪ್ಪಾದರೆ ಹುಳಿಗೆ ಮುಪ್ಪೇ? ಆರು ತಿಂಗಳಲ್ಲಿ ಒಂದು ತಿಂಗಳು ಕಳೆದೇಹೋಯಿತು. ಅಮ್ಮ ತಟ್ಟೆಯಲ್ಲಿ ಪಲ್ಯ ಯಾವ ಕಡೆ ಇದೆ ಎಂದು ಬೆರಳಿನಿಂದ ತಡಕತೊಡಗಿದ್ದಳು.

ಅಷ್ಟರಲ್ಲಿ ಸ್ವೆಟರಮ್ಮ ಫೋನಿಗೆ ಒಂದು ಚಿತ್ರ ಕಳಿಸಿದಳು. ಎಲ್ಲೋ ದೂರದ ದೇಶದ ಒಬ್ಬ ನೇಕಾರ ನಮ್ಮ ಕಾರ್ಡುಗಳ ಚಿತ್ರವನ್ನು ಇಳಿಸಿಕೊಂಡು, ಕ್ರಮ ಗೊತ್ತಿಲ್ಲದ ಕಾರಣ ಕಂಪ್ಯೂಟರಿಗೆ ಜೋಡಿಸಲು ಹೇಳಿದ್ದನಂತೆ. ಅದು ಒಂದನ್ನೊಂದು ಹೋಲುವ ಕಾರ್ಡುಗಳನ್ನು ಅಕ್ಕಪಕ್ಕ ಇಟ್ಟಿದೆ. ಅವನು ಹಾಗೇ ನೇಯ್ದು, ಸಂತೋಷದಿಂದ ಫೋಟೋ ಕಳಿಸಿದ್ದಾನೆ. ನಾನು ಫೋನನ್ನೂ ಭೂತಗನ್ನಡಿಯನ್ನೂ ಅಮ್ಮನ ಕೈಗೆ ಕೊಟ್ಟೆ.

ಅಮ್ಮ ಕಿಟಕಿಯ ಬಳಿ ಹೋಗಿ ಬಹಳ ಹೊತ್ತು ನೋಡಿದಳು.

"ಅಯ್ಯೋ ಇವನ ಕೈ ಸೇದಿಹೋಗ! ಮೂರು ಕುತ್ತಿಗೆ! ಒಂದು ಹಕ್ಕಿಗೆ ಮೂರು ಕುತ್ತಿಗೆ! ಕಾಲೆಲ್ಲಾ ತಗೊಂಡ್ಹೋಗಿ ಒಂದೇ ಕಡೆ ಗುಡ್ಡೆ ಹಾಕಿದಾನೆ, ಕಟುಕನ ಅಂಗಡಿಲಿ ಹಾಕ್ದಂಗೆ!"

"ಕ್ರಮ ಹೇಳೋರು ಹೇಳ್ದೇ ಇದ್ರೆ ಇನ್ನೇನ್ ಮಾಡ್ತಾನೆ?"

"ಬಾಯ್ಮುಚ್ಚು. ಎಲ್ಲಾ ಕಾರ್ಡಿಂದೂ ಚಿತ್ರ ತಗೊಂಡ್ ಬಾ. ದೊಡ್ಡದಾಗಿ."

ಕದ್ದರೂ ಸಹಿಸಿಯಾಳು, ಕೆಟ್ಟ ಕೆಲಸ ಮಾತ್ರ ಸಹಿಸುವವಳಲ್ಲ ನಮ್ಮಮ್ಮ.

ಜೆರಾಕ್ಸ್ ಅಂಗಡಿಯವನು ಮುನ್ನೂರ ಎಂಬತ್ತನಾಲ್ಕು ಹಾಳೆ ತೆಗೆದುಕೊಟ್ಟ. ಮಂಚದ ಮೇಲೆ, ನೆಲದ ಮೇಲೆ, ಮೇಜಿನ ಕೆಳಗೆ ಎಲ್ಲೆಲ್ಲೂ ಹಾಳೆ. 'ಈ ಮನೇಲಿ ಮನುಷ್ಯರಿಗಿಂತ ಹಕ್ಕಿಗಳಿಗೇ ಜಾಗ ಜಾಸ್ತಿ' ಎಂದು ಗೊಣಗುತ್ತ ನನ್ನ ಗಂಡ ತುದಿಗಾಲಲ್ಲಿ ಓಡಾಡಿದ. ಅಮ್ಮ ಬೆಳಗಿನ ಬೆಳಕು ಬಂದ ಕೂಡಲೇ ಕಿಟಕಿಯ ಬಳಿ ಕೂರುವಳು, ನಾಲ್ಕು ಗಂಟೆಗೆ ಬೆಳಕು ಇಳಿದಾಗ ಏಳುವಳು. ಹಾಳೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಭೂತಗನ್ನಡಿ ಆಡಿಸುವಳು. ಕೆಳಗೆ ಬಲಗಾಲು ತನ್ನಷ್ಟಕ್ಕೆ ನೆಲ ತುಳಿಯುತ್ತಿತ್ತು. ತೂತು ಹೊಡೆಯುವ ಯಂತ್ರದ ಕಾಲ್ಮಣೆ ಅಲ್ಲಿರಲಿಲ್ಲ, ಆದರೂ ತುಳಿಯುತ್ತಿತ್ತು. "ಎರಡು ಹೊಡಿ, ಮೂರು ಬಿಡು, ಒಂದು ಹೊಡಿ... ಇದು ಹೊಟ್ಟೆ. ಇದಾದ್ಮೇಲೆ ರೆಕ್ಕೆ ಶುರು. ಎಲ್ಲೇ ಆ ಹಾಳೆ? ಕಾಲ್ಕೆಳಗೆ ಇಟ್ಕೊಂಡು ನಿಂತಿದೀಯಾ, ದಡ್ಡಿ!" ನಾನು ಅವಳ ಬೈಗುಳದ ಕ್ರಮದಲ್ಲೇ ಹಾಳೆಗಳ ಬೆನ್ನಿಗೆ ನಂಬರ್ ಬರೆಯುತ್ತ ಹೋದೆ. ಹನ್ನೊಂದು ದಿನ ಹಿಡಿಯಿತು.

ಹನ್ನೆರಡನೆಯ ದಿನ ಹೊಸ ರಟ್ಟಿಗೆ ತೂತು ಹೊಡೆಯಲು ಕೂತೆ. ಇನ್ನೂರ ಹನ್ನೊಂದನೆಯ ಕಾರ್ಡಿನಲ್ಲಿ ಒಂದು ಅನುಮಾನ ಬಂತು. ಮೂಲೆಯ ಒಂದು ತೂತು ಅಮ್ಮ ಹೊಡೆದದ್ದೋ, ಹುಳ ಕೊರೆದದ್ದೋ ತಿಳಿಯಲಿಲ್ಲ. ಮ್ಯೂಸಿಯಂನ ಪೂರ್ತಿ ಗಾತ್ರದ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದು ಹಿಗ್ಗಿಸಿದೆ. ರಟ್ಟಿನ ನಾರು ನಾರೂ ಕಾಣಿಸುವಷ್ಟು ದೊಡ್ಡದಾಯಿತು. ತೂತು ಹುಳದ್ದೇ. ಆದರೆ ಅದರ ಪಕ್ಕದಲ್ಲಿ ಬೂದು ಬಣ್ಣದ ಒಂದು ಒರೆಸಿದ ಗುರುತಿತ್ತು. ಅದರೊಳಗೆ ಪೆನ್ಸಿಲ್ ಒತ್ತಿದ ಗೆರೆ. ಎರಡು, ಒಂದು, ಒಂದು.

ಮುಂದಿನ ಕಾರ್ಡು ತೆರೆದೆ. ಅಲ್ಲೂ ಇತ್ತು. ನಲವತ್ತು ಕಾರ್ಡು ನೋಡಿದೆ. ನಲವತ್ತರಲ್ಲೂ ನಂಬರ್ ಬರೆದು ಅಳಿಸಿದ್ದರು, ಒಂದೊಂದೂ ಅಮ್ಮನ ಕ್ರಮಕ್ಕೆ ಸರಿಯಾಗಿ ಕೂತಿತು. ನನಗೆ ಕುಣಿಯುವಷ್ಟು ಖುಷಿ. ಇದಕ್ಕಿಂತ ಆಧಾರ ಇನ್ನೇನು ಬೇಕು! ಆಮೇಲೆ ಅಂಕಿಗಳನ್ನು ಸರಿಯಾಗಿ ನೋಡಿದೆ. ಅಮ್ಮ ನಾಲ್ಕು ಬರೆದರೆ ಮೇಲ್ಗಡೆ ಬಾಯಿ ತೆರೆದಿರುತ್ತದೆ. ಇಲ್ಲಿದ್ದವು ಬಾಯಿ ಮುಚ್ಚಿದ ನಾಲ್ಕುಗಳು.

ಕೋಣೆಗೆ ಓಡಿದೆ. "ಅಮ್ಮಾ, ಕಾರ್ಡ್ ಮೇಲೆ ನಂಬರ್ ಇತ್ತು! ಯಾರೋ ಬರ್ದು ಅಳಿಸಿದಾರೆ!"

ಅಮ್ಮನ ಕಾಲು ನಿಂತಿತು.

"ಅಷ್ಟು ಉಜ್ಜಿದ್ರೂ ಕಾಣತ್ತಾ?" ಎಂದಳು.

ನಾನು ಅವಳ ಎದುರಿಗೆ ಕೂತೆ. ಅವಳು ನನ್ನ ಕಡೆ ನೋಡಲಿಲ್ಲ, ಕಿಟಕಿಯ ಕಡೆಗೇ ಮುಖ ಮಾಡಿ ಹೇಳಿದಳು.

"ಗುಬ್ಬಿ ಅಂತ ಒಬ್ಬಳಿದ್ಲು. ನಾವೆಲ್ಲ ಹಾಗೇ ಕರೀತಿದ್ದಿದ್ದು. ಕಾರ್ಡಿನ ಕೋಣೆಗೆ ಅವಳೇ ದೊಡ್ಡವಳು. ಚಿತ್ರ ಅವಳ್ದು. ತಂತಿ ಮೇಲೆ ಹಕ್ಕಿ ಕೂರ್ಸಿದ್ದು ಅವಳು, ನಾನು ಬರೀ ತೂತು ಹೊಡ್ದೆ. ನಂಬರೂ ಅವಳೇ ಬರ್ದಿದ್ದು. 'ನಾಳೆ ನಾವಿಬ್ರೂ ಸತ್ರೆ ಇದನ್ನ ಯಾರು ಜೋಡಿಸ್ತಾರೆ ಕಣೇ' ಅಂತಿದ್ಲು."

"ಆಮೇಲೆ?"

"ನಾನು ಮೇಸ್ತ್ರಿಗೆ ಹೇಳ್ದೆ. ಇವಳು ನಂಬರ್ ಹಾಕ್ತಿದಾಳೆ, ಹೊರಗೆ ಸಾಗಿಸೋಕೆ ಅಂತ."

"ಸಾಗಿಸ್ತಾಳೆ ಅಂತ ನಿಂಗೆ ಗೊತ್ತಿತ್ತಾ?"

"ಇಲ್ಲ ಅಂತ ಗೊತ್ತಿತ್ತು."

ಅಮ್ಮ ನಿಲ್ಲಿಸಲಿಲ್ಲ.

"ಅವತ್ತೇ ಅವಳನ್ನ ಓಡಿಸಿದ್ರು. ಕಳ್ಳಿ ಅನ್ನೋ ಹೆಸ್ರು ಬಂತು, ಬೇರೆ ಯಾವ ಶೆಡ್ಡಲ್ಲೂ ಸೇರಿಸ್ಲಿಲ್ಲ. ನಂಬರ್ ಅಳಿಸೋ ಕೆಲ್ಸ ನನಗೇ ಕೊಟ್ರು. ಎರಡು ದಿನ ಕೂತು ಅಳಿಸ್ದೆ. ಮೂರನೇ ದಿನ ಅವಳ ಜಾಗ ನಂದಾಯ್ತು. ಆಮೇಲೆ ಎಲ್ರೂ ಹಕ್ಕಿ ಹೊದಿಕೆ ನಂದು ಅನ್ನೋಕೆ ಶುರು ಮಾಡಿದ್ರು. ನಾನೂ ಸುಮ್ಮನಿದ್ದೆ. ದಾರ ಕತ್ತರಿಸಿದಾರೆ ಅಂತ ನೀನು ಬಂದು ಕೂಗಾಡಿದ್ಯಲ್ಲ, ಆಗ ನನಗೆ ಒಳಗೇ ನೆಮ್ಮದಿ ಆಯ್ತು. ಇನ್ನು ಯಾರೂ ಜೋಡಿಸಲ್ಲ, ಅಲ್ಲಿಗೆ ಮುಗೀತು ಅಂದ್ಕೊಂಡೆ."

ಆ ಜಾಗದ ಸಂಬಳದಲ್ಲೇ ನಾನು ಉಂಡದ್ದು, ಓದಿದ್ದು, ಮದುವೆಯಾದದ್ದು. ಎರಡು ತಿಂಗಳಿಂದ ಯಾರ ಹೆಸರಿಗೆಂದು ಮ್ಯೂಸಿಯಂ ಮೆಟ್ಟಿಲು ಹತ್ತಿ ಗಂಟಲು ಹರಿದುಕೊಂಡಿದ್ದೆನೋ ಅವಳು ಇವಳು. ಎರಡು ದಿನ ಅಮ್ಮನ ಜೊತೆ ಮಾತು ಬಿಟ್ಟೆ. ತಟ್ಟೆ ಮುಂದಿಡುವುದು, ಪಲ್ಯ ಎಡಗಡೆ ಎಂದು ಹೇಳುವುದು, ಎದ್ದು ಬರುವುದು, ಅಷ್ಟೇ.

ಮೂರನೆಯ ದಿನ ಮಾತಾಡಿದಾಗಲೂ ನನ್ನ ಬಾಯಿಂದ ಬಂದದ್ದು ಏನು ಗೊತ್ತೇ? "ಗುಬ್ಬಿಯ ಹೆಸ್ರು ಹಾಕ್ಸೋಣ. ಮಿಕ್ಕಿದ್ದೆಲ್ಲ ಬೇಡ. ಮನೆ ಮಾತು ಬೀದಿಗೆ ಯಾಕೆ?" ಹೇಳುವಾಗಲೇ ನನಗೆ ನನ್ನ ಮೇಲೇ ಅಸಹ್ಯವಾಯಿತು, ಆದರೂ ಹೇಳಿದೆ.

"ಇಷ್ಟು ದಿನ ಹೇಳು ಹೇಳು ಅಂತ ನನ್ನ ತಲೆ ತಿಂದೆಯಲ್ಲ. ಈಗ ಹೇಳ್ತೀನಿ ಅಂದ್ರೆ ಬಾಯಿಗೆ ಬೀಗ ಹಾಕ್ತೀಯಾ? ಆ ಮ್ಯೂಸಿಯಂನವಳನ್ನ ಕರಿ."

ಸ್ವೆಟರಮ್ಮ ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದಳು. ನಮ್ಮ ಮನೆಯಲ್ಲೂ ಸ್ವೆಟರ್ ಬಿಚ್ಚಲಿಲ್ಲ. ಅಮ್ಮ ನೇರವಾಗಿ ಕೂತು, ಗುಬ್ಬಿಯ ನಿಜವಾದ ಹೆಸರನ್ನು ತಂದೆಯ ಹೆಸರಿನೊಂದಿಗೆ ಹೇಳಿದಳು. ನನ್ನ ನಲವತ್ತೆರಡು ವರ್ಷದ ಬದುಕಿನಲ್ಲಿ ಆ ಹೆಸರು ನಮ್ಮ ಮನೆಯಲ್ಲಿ ಕೇಳಿದ್ದು ಅದೇ ಮೊದಲು. ಚಿತ್ರ ಅವಳದು, ನಂಬರ್ ಅವಳದು, ತೂತು ಹೊಡೆದದ್ದು ನಾನು, ಸುಳ್ಳು ಹೇಳಿ ಅವಳ ಕೆಲಸ ಕಳೆದದ್ದು ನಾನು, ಅಳಿಸಿದ್ದೂ ನಾನು ಎಂದು ಒಂದೊಂದಾಗಿ ಬರೆಸಿದಳು. ಸ್ವೆಟರಮ್ಮನ ಬೆರಳು ಎರಡು ಸಲ ನಿಂತಿತು.

"ಹೀಗೇ ಹಾಕ್ಲಾ ಅಮ್ಮಾ? ಎಲ್ರಿಗೂ ಕಾಣತ್ತೆ."

"ಕಾಣ್ಲಿ. ನನಗೇ ಕಾಣ್ದೆ ಹೋಗೋಕೆ ಮುಂಚೆ ಹಾಕು."

ಹಾಕಿದಳು. ಮುನ್ನೂರ ಎಂಬತ್ತನಾಲ್ಕು ಕಾರ್ಡುಗಳ ಕ್ರಮವೂ ಜೊತೆಗೆ ಹೋಯಿತು. ಮೂರು ಕುತ್ತಿಗೆ ನೇಯ್ದ ದೂರದೇಶದವನು ಎಂಟೇ ದಿನದಲ್ಲಿ ಸರಿಯಾದ ಹಕ್ಕಿ ನೇಯ್ದು ಫೋಟೋ ಕಳಿಸಿದ. ನನ್ನ ಮಗ್ಗದಲ್ಲೂ ಮೊದಲ ಸಾಲಿನ ಹಕ್ಕಿಗಳು ಬಂದವು. ಅಮ್ಮನನ್ನು ಕರೆದು ತೋರಿಸಿದೆ. ಉಳಿದ ಒಂದು ಕಣ್ಣನ್ನು ಬಟ್ಟೆಗೆ ತಾಗಿಸಿಕೊಂಡು ನೋಡಿದಳು. "ಚೆನ್ನಾಗಿ ಬರ್ದಿದ್ಲು," ಎಂದು ಎದ್ದು ಹೋದಳು. ನನ್ನ ಸಿಟ್ಟು ಇಳಿದಿರಲಿಲ್ಲ. ನಾನು ಮುಂದಿನ ಸಾಲು ನೇಯ್ದೆ.

ಹೊದಿಕೆ ಅರ್ಧವಾಗಿದ್ದಾಗ ಮ್ಯೂಸಿಯಂಗೆ ಒಂದು ಪತ್ರ ಬಂತು. ಸ್ವೆಟರಮ್ಮ ಅದನ್ನು ನನ್ನ ಫೋನಿಗೆ ಕಳಿಸಿದಳು. ಗುಬ್ಬಿಯ ಮಗಳದು. ನಾನು ಮೊದಲು ಒಬ್ಬಳೇ ಓದಿಕೊಂಡೆ. ಕೊನೆಯ ಸಾಲನ್ನು ಬಿಟ್ಟು ಓದಿಬಿಡೋಣ ಎಂದು ಒಂದು ಕ್ಷಣ ಅನ್ನಿಸಿತು. ಇಲ್ಲ, ಯಾಕೆ ಬಿಡಬೇಕು? ಈಗ ಅಮ್ಮನಿಗೆ ಅಕ್ಷರ ಕಾಣುತ್ತಿರಲಿಲ್ಲ. ಕೋಣೆಗೆ ಹೋಗಿ, ಅವಳ ಎದುರು ನಿಂತು, ಗಟ್ಟಿಯಾಗಿ ಪೂರ್ತಿ ಓದಿದೆ.

'ನಮ್ಮಮ್ಮ ಹೋಗಿ ಒಂಬತ್ತು ವರ್ಷವಾಯಿತು. ಅವರ ಹೆಸರನ್ನು ಆಗಾಗ ಸುಮ್ಮನೆ ಹುಡುಕಿ ನೋಡುತ್ತಿದ್ದೆ, ಎಲ್ಲೂ ಏನೂ ಸಿಗುತ್ತಿರಲಿಲ್ಲ. ನಿನ್ನೆ ನಿಮ್ಮ ಪುಟ ಸಿಕ್ಕಿತು. ಅವರು ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆದು ನಮ್ಮನ್ನು ಸಾಕಿದರು. ಚಿತ್ರ ಬರೆಯುತ್ತಿದ್ದರು ಎಂಬ ವಿಷಯವೇ ನಮಗೆ ತಿಳಿದಿರಲಿಲ್ಲ. ಸಾಯುವವರೆಗೂ "ನಾನು ಕದ್ದಿಲ್ಲ" ಎನ್ನುತ್ತಿದ್ದರು. ನಾವು ಮಕ್ಕಳು ಯಾರೂ ನಂಬಲಿಲ್ಲ.'

ಅಮ್ಮ ಕಿಟಕಿಯ ಕಡೆಯಿಂದ ನನ್ನ ಕಡೆಗೆ ಮುಖ ತಿರುಗಿಸಿದಳು.

"ಕೊನೇ ಸಾಲು ನೀನೇ ಸೇರಿಸಿ ಓದ್ದೆ, ಅಲ್ವಾ?" ಎಂದಳು. "ನನ್ನ ಮೇಲಿನ ಸಿಟ್ಟಿಗೆ?"

"ಇಲ್ಲಮ್ಮ," ಎಂದೆ. "ಅಲ್ಲಿ ಇರೋದನ್ನೇ ಓದ್ದೆ."